ಸ್ಟ್ರೆಂಗ್ನೆಸ್ ಹುಡುಗರ ಅರ್ಧ ಗಂಟೆ

ಹನ್ನೆರಡು ವರ್ಷ ನಾನು ಒಂದು ಆಲ್ಬಂ ಅನ್ನು ತಪ್ಪು ಕ್ರಮದಲ್ಲಿ ಕೇಳಿದೆ.

ಅಣ್ಣ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ರಜೆಗೆ ಶಿವಮೊಗ್ಗಕ್ಕೆ ಬರುವಾಗ ಅವನ ಬ್ಯಾಗಿನಲ್ಲಿ ಕೊಳೆ ಬಟ್ಟೆಯ ಜೊತೆ ಹತ್ತಾರು ಸಿ.ಡಿ.ಗಳು ಇರುತ್ತಿದ್ದವು. ಹಾಸ್ಟೆಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಾಪಿಯಾಗುತ್ತಾ ಬಂದ ಮೆಟಲ್, ಅಂದರೆ ಅಬ್ಬರದ ರಾಕ್ ಸಂಗೀತದ ಎಂಪಿ3ಗಳು. ಮೇಲೆ ಮಾರ್ಕರಿನಲ್ಲಿ 'ಮೆಟಲ್ 7', 'ಮೆಟಲ್ 8' ಅಂತ ಬರೆದಿರುತ್ತಿದ್ದ. ಅಂಥದ್ದೊಂದು ಸಿ.ಡಿ.ಯಲ್ಲಿ ಮರ್ಸಿಲೆಸ್ ಅನ್ನೋ ಬ್ಯಾಂಡಿನ ಫೋಲ್ಡರ್ ಇತ್ತು. ಒಳಗೆ ಎಂಟು ಹಾಡು. ಯಾರೋ ಪುಣ್ಯಾತ್ಮರು ಹಾಡಿನ ಹೆಸರು ಹಾಕಿದ್ದರು, ನಂಬರು ಹಾಕಿರಲಿಲ್ಲ. ಕಂಪ್ಯೂಟರ್ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು. ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಟ್ಟಿತು. 'ಬೀಸ್ಟಿಯಲ್ ಡೆತ್' ಮೊದಲನೆಯದು. ಆಲ್ಬಮ್ಮಿನ ಹೆಸರನ್ನೇ ಹೊತ್ತ 'ದಿ ಅವೇಕನಿಂಗ್' ಕೊನೆಯದು.

ಸಾವಿನಿಂದ ಶುರುಮಾಡಿ ಎಚ್ಚರದಲ್ಲಿ ಮುಗಿಸಿದ್ದಾರೆ, ಎಂಥ ತಲೆ ಅಂದುಕೊಂಡಿದ್ದೆ. ಈ ಬಗ್ಗೆ ಒಬ್ಬಿಬ್ಬರು ಗೆಳೆಯರಿಗೆ ಭಾಷಣವನ್ನೂ ಬಿಗಿದಿದ್ದೆ. ಅವರೂ ತಲೆಯಾಡಿಸಿದ್ದರು, ಪಾಪ.

ಅಮ್ಮನದು ಬೇರೆ ಪ್ರಶ್ನೆ. ತೀರ್ಥಹಳ್ಳಿ ಕಡೆಯವಳು, ರಾತ್ರಿಯಿಡೀ ಚೆಂಡೆ ಕೇಳುತ್ತಾ ಬೆಳೆದವಳು. ಸದ್ದಿನ ಬಗ್ಗೆ ಅವಳ ತಕರಾರು ಇರಲಿಲ್ಲ. "ಅವನಿಗೆ ಏನಾಗಿದೆ? ಹೊಟ್ಟೆನೋವಾ?" ಅಂತ ಹಾಡುವವನ ಬಗ್ಗೆ ಕೇಳುತ್ತಿದ್ದಳು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವನು ಯಾರು, ಯಾವ ಊರಿನವನು ಅಂತಲೇ ಗೊತ್ತಿರಲಿಲ್ಲ.

ಬೇರೊಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಈ ಆಲ್ಬಂ ಹೊರತಂದವನು ಕೊಲೆಯಾಗಿ ಸತ್ತ ಅನ್ನೋದು. ಅಣ್ಣ ಹಾಡು ಹಾಕುವ ಮೊದಲೇ ಆ ಕಥೆ ಹೇಳಿದ್ದ. ಮರ್ಸಿಲೆಸ್ ಹೆಸರು ಎಲ್ಲಿ ಬಂದರೂ ಇವತ್ತಿಗೂ ಹೀಗೇ ಆಗುತ್ತದೆ. ಬ್ಯಾಂಡಿಗಿಂತ ಮುಂಚೆ ಕೊಲೆ ಬರುತ್ತದೆ. ನನಗೆ ಈಗ ಅದರ ಮೇಲೆ ಸಣ್ಣ ಸಿಟ್ಟಿದೆ.

ಕೊಲೆಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ನಾರ್ವೆಯ ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಓಯ್‌ಸ್ಟೈನ್ ಓರ್‌ಸೆಟ್. ಎಲ್ಲರೂ ಕರೆಯುತ್ತಿದ್ದದ್ದು ಯೂರೋನಿಮಸ್ ಅಂತ. ಅವನು ನಡೆಸುತ್ತಿದ್ದ ಪುಟ್ಟ ರೆಕಾರ್ಡ್ ಕಂಪನಿಯ ಹೆಸರು ಡೆತ್‌ಲೈಕ್ ಸೈಲೆನ್ಸ್ ಪ್ರೊಡಕ್ಷನ್ಸ್. 1993ರ ಆಗಸ್ಟ್ 10ರಂದು ಓಸ್ಲೋದಲ್ಲಿ ಅವನನ್ನು ಬರ್ಜಮ್ ಎಂಬ ಒಂಟಿ ಬ್ಯಾಂಡಿನ ವರ್ಗ್ ವಿಕರ್ನೆಸ್ ಇರಿದು ಕೊಂದ. ಅದಕ್ಕೂ ಹಿಂದಿನ ವರ್ಷದಿಂದ ನಾರ್ವೆಯಲ್ಲಿ ಹಳೆಯ ಮರದ ಚರ್ಚುಗಳು ಹೊತ್ತಿ ಉರಿಯಲು ಶುರುವಾಗಿದ್ದವು. ಪತ್ರಿಕೆಗಳಿಗೆ ಹಬ್ಬ. ಆಮೇಲೆ ಪುಸ್ತಕ, ಸಿನಿಮಾ ಎಲ್ಲ ಬಂದವು. ಇದರಲ್ಲೆಲ್ಲ ಮರ್ಸಿಲೆಸ್‌ಗೆ ಸಿಗುವುದು ಒಂದು ಸಾಲು. 'ಆ ಕಂಪನಿಯ ಮೊದಲ ಆಲ್ಬಂ ಸ್ವೀಡನ್ನಿನ ಒಂದು ಬ್ಯಾಂಡಿನದು.' ಮುಗೀತು, ಮುಂದಿನ ಪ್ಯಾರಾ.

ಆ ಒಂದು ಸಾಲಿನಲ್ಲಿ ಇದ್ದವರು ನಾಲ್ಕು ಜನ. ಹಾಡುವವನು ರೋಗರ್ ಪೆಟರ್‌ಸನ್, ಅಡ್ಡಹೆಸರು ರೊಗ್ಗಾ. ಗಿಟಾರ್ ಎರಿಕ್ ವಾಲಿನ್. ಬೇಸ್ ಫ್ರೆಡ್ರಿಕ್ ಕಾರ್ಲೇನ್. ಡ್ರಮ್ಸ್ ಸ್ಟೆಫಾನ್ ಕಾರ್ಲ್‌ಸನ್, ಅವನನ್ನು ಸ್ಟೀಪೆನ್ ಅನ್ನುತ್ತಾರೆ. 1986ರಲ್ಲಿ ಶುರುಮಾಡಿದಾಗ ಬ್ಯಾಂಡಿನ ಹೆಸರು ಅಬ್ಸೆಸ್ಡ್. ಮರುವರ್ಷ ಮರ್ಸಿಲೆಸ್ ಆಯಿತು. ಎರಡು ಡೆಮೋ ಕ್ಯಾಸೆಟ್ ಮಾಡಿದರು, 1987ರಲ್ಲಿ ಒಂದು, 1988ರಲ್ಲಿ ಒಂದು. 1989ರ ಬೇಸಿಗೆಯಲ್ಲಿ ಎಸ್ಕಿಲ್‌ಸ್ಟೂನಾದ ಟೂನಾ ಸ್ಟುಡಿಯೋದಲ್ಲಿ ಆಲ್ಬಂ ರೆಕಾರ್ಡ್ ಮಾಡಿದರು. 1990ರಲ್ಲಿ ಅದು ಹೊರಬಂತು. ಅಚ್ಚಾದದ್ದು ಒಂದು ಸಾವಿರ ಪ್ರತಿ.

ಊರು ಸ್ಟ್ರೆಂಗ್ನೆಸ್.

ನಾನು ಆ ಊರು ನೋಡುತ್ತೇನೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. 2016ರಲ್ಲಿ ಕೆಲಸದ ಮೇಲೆ ಎಸ್ಕಿಲ್‌ಸ್ಟೂನಾಗೆ ಹೋದೆ. ಮಣ್ಣು ಎತ್ತುವ, ಕಲ್ಲು ಹೊರುವ ದೊಡ್ಡ ಯಂತ್ರಗಳ ವಿನ್ಯಾಸದ ಕೆಲಸ. ಪೀಣ್ಯದಲ್ಲಿ ಆ ಥರದ ಯಂತ್ರ ನೋಡಿದವರಿಗೆ ಎಸ್ಕಿಲ್‌ಸ್ಟೂನಾ ಹೆಸರು ಕೇಳಿ ಗೊತ್ತಿರುತ್ತದೆ. ಕಬ್ಬಿಣದ ಊರು ಅದು. ಹದಿನೇಳನೇ ಶತಮಾನದಿಂದಲೂ ಕಮ್ಮಾರರು, ಚಾಕು ಮಾಡುವವರು, ಬೀಗ ಮಾಡುವವರು. 1832ರಲ್ಲಿ ಥಿಯೋಫ್ರಾನ್ ಮುಂಕ್‌ಟೆಲ್ ಎಂಬ ಎಂಜಿನಿಯರ್ ಇಲ್ಲೇ ವರ್ಕ್‌ಶಾಪ್ ತೆರೆದ. ಹಳೆಯ ಕಮ್ಮಾರಸಾಲೆಗಳನ್ನು ಊರ ಮಧ್ಯೆ ಈಗಲೂ ಹಾಗೇ ಕಾಪಾಡಿಕೊಂಡಿದ್ದಾರೆ, ಕೆಂಪು ಬಣ್ಣ ಬಳಿದ ಸಾಲು ಮನೆಗಳು.

ಬಂದು ಮೂರು ತಿಂಗಳಾಗಿತ್ತು. ಒಬ್ಬ ಸಹೋದ್ಯೋಗಿ ಊಟಕ್ಕೆ ಕರೆದರು. ಐವತ್ತರ ಹತ್ತಿರದ ಮನುಷ್ಯ, ಆಫೀಸಿನಲ್ಲಿ ಮಾತೇ ಆಡದವರು. ಮನೆಯಲ್ಲಿ ಗೋಡೆ ತುಂಬ ಎಲ್‌ಪಿಗಳು. ಸುಮ್ನೆ ಬೆರಳಾಡಿಸುತ್ತಾ ಹೋದೆ. ಮರ್ಸಿಲೆಸ್ ಕಂಡಿತು. ನನ್ನ ಬಾಯಿಂದ ಕನ್ನಡದಲ್ಲೇ "ಅಯ್ಯೋ" ಬಂತು. ಇಂಡಿಯಾದವನಿಗೆ ಇದು ಹೇಗೆ ಗೊತ್ತು ಅಂತ ಅವರಿಗೆ ಆಶ್ಚರ್ಯ. ನಾನು ನನ್ನ ಸಾವು ಮತ್ತು ಎಚ್ಚರದ ಭಾಷಣ ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕವರ್ ತಿರುಗಿಸಿ, ಹಾಡುಗಳ ಪಟ್ಟಿಯ ಮೇಲೆ ಬೆರಳಿಟ್ಟರು. ಮೊದಲ ಹಾಡು 'ಪ್ಯೂರ್ ಹೇಟ್'. ಕೊನೆಯದು 'ಡಿನೈಡ್ ಬರ್ತ್'. 'ದಿ ಅವೇಕನಿಂಗ್' ಮೂರನೆಯದು.

"ಆಲ್ಫಾಬೆಟ್," ಅಂದರು ಅವರು. ನಕ್ಕೂ ಇಲ್ಲ.

ಅವರು ಬೆಳೆದದ್ದು ಸ್ಟ್ರೆಂಗ್ನೆಸ್‌ನಲ್ಲಿ. ಎಸ್ಕಿಲ್‌ಸ್ಟೂನಾದಿಂದ ಮೂವತ್ತು ಕಿಲೋಮೀಟರ್, ರೈಲಿನಲ್ಲಿ ಇಪ್ಪತ್ತು ನಿಮಿಷ. ಟೂನಾ ಸ್ಟುಡಿಯೋ ಎಸ್ಕಿಲ್‌ಸ್ಟೂನಾದ್ದೇ ಅಂತ ಅವರು ಹೇಳಿದ ಮೇಲೇ ನನಗೆ ಹೊಳೆದದ್ದು. ದಿನಾ ಕೆಲಸಕ್ಕೆ ಹೋಗುವ ಊರಿನಲ್ಲೇ ನನ್ನ ಶಿವಮೊಗ್ಗದ ಮಧ್ಯಾಹ್ನಗಳು ರೆಕಾರ್ಡ್ ಆಗಿದ್ದವು.

ಮುಂದಿನ ಭಾನುವಾರವೇ ಸ್ಟ್ರೆಂಗ್ನೆಸ್‌ಗೆ ಹೋದೆ. ಮೆಲಾರೆನ್ ಸರೋವರದ ದಂಡೆಯ ಊರು. ಸಣ್ಣದು, ಚೊಕ್ಕಟ, ಸ್ವಲ್ಪ ಜಾಸ್ತಿಯೇ ಚೊಕ್ಕಟ. ಕಲ್ಲು ಹಾಸಿದ ಏರು ಬೀದಿಗಳು, ಮರದ ಮನೆಗಳು, ಗುಡ್ಡದ ಮೇಲೊಂದು ಗಾಳಿಗಿರಣಿ. ಎಲ್ಲಿ ನಿಂತರೂ ಕಾಣುವುದು ಕತೀಡ್ರಲ್. ಇಟ್ಟಿಗೆಯ ಭಾರೀ ಕಟ್ಟಡ, 1291ರಲ್ಲಿ ಪ್ರತಿಷ್ಠೆಯಾದದ್ದು. 1523ರ ಜೂನ್ 6ರಂದು ಗುಸ್ತಾವ್ ವಾಸಾನನ್ನು ಸ್ವೀಡನ್ನಿನ ರಾಜ ಅಂತ ಆರಿಸಿದ್ದು ಈ ಊರಿನಲ್ಲಿ. ಅದಕ್ಕೇ ಸ್ವೀಡನ್ನಿನ ರಾಷ್ಟ್ರೀಯ ದಿನ ಜೂನ್ 6. ಬಿಷಪ್ಪರು, ರಾಜರು, ಸೈನ್ಯದ ರೆಜಿಮೆಂಟು, ಇವು ಆ ಊರಿನ ಹೆಮ್ಮೆಗಳು. ನಾಲ್ಕು ಹುಡುಗರ ಗಲಾಟೆಗೆ ಅಲ್ಲಿ ಬೋರ್ಡೇನೂ ಇರಲಿಲ್ಲ. ಇರಬೇಕು ಅಂತ ನಾನೂ ನಿರೀಕ್ಷಿಸಿರಲಿಲ್ಲ ಬಿಡಿ.

ಅಲ್ಲಿ ನನಗೆ ಸಿಕ್ಕಿದ್ದು ಎಸ್ಕಿಲ್ ಸಂತನ ಕಥೆ. ಹನ್ನೊಂದನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಬಂದ ಧರ್ಮಪ್ರಚಾರಕ ಅವನು. ಸ್ಟ್ರೆಂಗ್ನೆಸ್‌ನಲ್ಲಿ ಜನ ಹಳೆಯ ದೇವರುಗಳಿಗೆ ಬಲಿ ಕೊಡುತ್ತಿದ್ದಾಗ ಇವನು ಹೋಗಿ ತಡೆದನಂತೆ. ಪ್ರಾರ್ಥನೆ ಮಾಡಿದ, ಬಿರುಗಾಳಿ ಬಂದು ಬಲಿಪೀಠ ಮುರಿಯಿತು. ಸಿಟ್ಟಿಗೆದ್ದ ಜನ ಕಲ್ಲು ಹೊಡೆದು ಕೊಂದರು. ಹೆಣವನ್ನು ಟೂನಾ ಎಂಬ ಜಾಗಕ್ಕೆ ಹೊತ್ತುಕೊಂಡು ಹೋಗಿ ಹೂಳಿದರು. ಎಸ್ಕಿಲನ ಟೂನಾ, ಎಸ್ಕಿಲ್‌ಸ್ಟೂನಾ.

ಒಂಬೈನೂರು ವರ್ಷದ ಮೇಲೆ ಸ್ಟ್ರೆಂಗ್ನೆಸ್‌ನ ನಾಲ್ಕು ಹುಡುಗರು, ಸತ್ತವರ ಆತ್ಮ, ಕತ್ತಲ ರಾಜ್ಯ ಅಂತೆಲ್ಲ ಹಾಡು ಕಟ್ಟಿಕೊಂಡು, ಅದೇ ದಾರಿಯಲ್ಲಿ ಗಿಟಾರು ಹೊತ್ತು ಟೂನಾ ಎಂಬ ಸ್ಟುಡಿಯೋಗೆ ಹೋದರು. ಅವರಿಗೆ ಇದು ತಲೆಗೆ ಬಂದಿರಲಿಕ್ಕಿಲ್ಲ. ಆ ವಯಸ್ಸಿನಲ್ಲಿ ಊರಿನ ಚರಿತ್ರೆ ಯಾರಿಗೆ ಬೇಕು? ಆದರೆ ನನಗೆ ಇದು ಕೊಲೆಗಿಂತ ಒಳ್ಳೆ ಕಥೆ ಅನ್ನಿಸಿತು. ನಿಜವಾಗಿ ಈ ಆಲ್ಬಮ್ಮಿಗೆ ಸೇರಿದ ನೆಲದ ಕಥೆ ಇದು.

ಇನ್ನೊಂದು ವಿಷಯ ನೋಡಿ. ರೆಕಾರ್ಡ್ ಮಾಡಿದ್ದು ಬೇಸಿಗೆಯಲ್ಲಿ. ಸ್ವೀಡನ್ನಿನ ಆ ಭಾಗದಲ್ಲಿ ಜೂನ್, ಜುಲೈ ಅಂದರೆ ಕತ್ತಲೆಯೇ ಇಲ್ಲ ಅನ್ನಬಹುದು. ರಾತ್ರಿ ಹತ್ತಕ್ಕೆ ಇನ್ನೂ ಬೆಳಕು. ಮಲಗಿ ಕಣ್ಣು ಬಿಟ್ಟರೆ ಮೂರೂವರೆಗೇ ಮತ್ತೆ ಬೆಳಕು. ನಾನು ಮೊದಲ ವರ್ಷ ಕಿಟಕಿಗೆ ಕಂಬಳಿ ಕಟ್ಟಿ ಮಲಗಿದ್ದೆ. 'ರೆಲ್ಮ್ ಆಫ್ ದಿ ಡಾರ್ಕ್' ಎಂಬ ಹಾಡು ಅಂಥ ಬೆಳಕಿನ ತಿಂಗಳಲ್ಲಿ ರೆಕಾರ್ಡ್ ಆದದ್ದು. ಹೊರಗೆ ಜನ ಸರೋವರದಲ್ಲಿ ಈಜುತ್ತಿರುತ್ತಾರೆ, ಒಳಗೆ ಇವರು ಪಾತಾಳ. ಆಲ್ಬಮ್ಮಿನ ಕತ್ತಲೆ ಹವಾಮಾನದಿಂದ ಬಂದದ್ದು ಅಂತ ಬರೆಯುವವರು ಈ ಒಂದು ಸಂಗತಿ ನೆನಪಿಟ್ಟುಕೊಳ್ಳಬೇಕು.

ಈಗ ಸಂಗೀತಕ್ಕೆ ಬರೋಣ. ಥ್ರ್ಯಾಶ್, ಅಂದರೆ ಮರ್ಸಿಲೆಸ್ ನುಡಿಸುವ ಅತಿ ವೇಗದ ಮೆಟಲ್, ಕೇಳದವರಿಗೆ ಎರಡು ಮಾತು. ಗಿಟಾರಿನ ತಂತಿ ಮೀಟುವಾಗ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ಒತ್ತಿ ಹಿಡಿಯುತ್ತಾರೆ. ಆಗ ನಾದ ಹರಡುವುದಿಲ್ಲ, ಒಣಗಿ ತುಂಡಾಗುತ್ತದೆ. ಟಕ್ ಟಕ್ ಅಂತ ಹೊಲಿಗೆ ಯಂತ್ರದ ಹಾಗೆ ಕೇಳುತ್ತದೆ. ಅದನ್ನು ಅತಿ ವೇಗದಲ್ಲಿ ನುಡಿಸಬೇಕು. ಕೆಳಗೆ ಡ್ರಮ್ಸ್ ಒಂದು-ಎರಡು, ಒಂದು-ಎರಡು ಅಂತ ಓಡುತ್ತಿರುತ್ತದೆ. ಮಧ್ಯೆ ಮಧ್ಯೆ ಅಂಗೈ ಎತ್ತಿ ತಂತಿಯನ್ನು ಬಿಟ್ಟಾಗ ಒಮ್ಮೆಲೇ ಬಾಗಿಲು ತೆರೆದಂತಾಗುತ್ತದೆ. ಥ್ರ್ಯಾಶಿನ ಸುಖ ಇರುವುದು ಆ ಮುಚ್ಚು-ತೆರೆಯಲ್ಲಿ.

ಅಮೆರಿಕದ ದೊಡ್ಡ ಥ್ರ್ಯಾಶ್ ಬ್ಯಾಂಡುಗಳು ಎಂಬತ್ತರ ದಶಕದ ಕೊನೆಗೆ ಬಹಳ ನಯವಾಗಿದ್ದವು. ಉದ್ದುದ್ದ ಹಾಡು, ಸ್ವಚ್ಛ ರೆಕಾರ್ಡಿಂಗ್, ಲೆಕ್ಕ ಹಾಕಿದ ತಿರುವುಗಳು. ಮರ್ಸಿಲೆಸ್ ಕಣ್ಣಿಟ್ಟದ್ದು ಅತ್ತ ಅಲ್ಲ, ಜರ್ಮನಿಯತ್ತ. ಕ್ರಿಯೇಟರ್, ಸೋಡೊಮ್, ಡಿಸ್ಟ್ರಕ್ಷನ್. ಈ ಮೂವರ ಮೊದಮೊದಲ ಆಲ್ಬಮ್ಮುಗಳಲ್ಲಿ ಒಂದು ಗುಣ ಇದೆ. ಕೈಗೆ ಸಾಧ್ಯವಾಗುವುದಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ನುಡಿಸುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್ ಹಾಗೆ. ಬೀಳುವುದಿಲ್ಲ, ಆದರೆ ಬೀಳುತ್ತಾರೆ ಅನ್ನಿಸುತ್ತಲೇ ಇರುತ್ತದೆ.

'ದಿ ಅವೇಕನಿಂಗ್' ಪೂರ್ತಿ ಆ ಇಳಿಜಾರು. ಎಂಟು ಹಾಡು, ಒಟ್ಟು ಅರ್ಧ ಗಂಟೆಗೂ ಕಮ್ಮಿ. 'ಪ್ಯೂರ್ ಹೇಟ್' ಶುರುವಾದರೆ ಪೀಠಿಕೆ ಗೀಠಿಕೆ ಇಲ್ಲ. ಎರಿಕ್ ವಾಲಿನ್‌ನ ಗಿಟಾರಿನ ಸದ್ದು ಒಣ, ಚೂಪು. ಎಸ್ಕಿಲ್‌ಸ್ಟೂನಾದ ಚಾಕು ಅಂತ ಬರೆಯುವ ಆಸೆಯಾಗುತ್ತದೆ. ಬರೆದೇಬಿಟ್ಟೆ, ಕ್ಷಮಿಸಿ. ರೊಗ್ಗಾನ ಗಂಟಲು ಆ ಕಾಲಕ್ಕೆ ವಿಶೇಷ. ಆಗಷ್ಟೇ ಬೆಳೆಯುತ್ತಿದ್ದ ಡೆತ್ ಮೆಟಲಿನವರು ಹೊಟ್ಟೆಯಿಂದ ಗುಟುರು ಹಾಕುತ್ತಿದ್ದರು. ಇವನದು ಗಂಟಲ ಮೇಲ್ಭಾಗದ ಕರ್ಕಶ ಕೂಗು, ಪದದ ಕೊನೆಯಲ್ಲಿ ಹರಿದುಹೋಗುವಂಥದ್ದು. ಅಮ್ಮ ಹೇಳಿದ ಹೊಟ್ಟೆನೋವು ಸರಿ ಅಲ್ಲ. ಇದು ಗಂಟಲುನೋವು.

'ಡ್ರೆಡ್‌ಫುಲ್ ಫೇಟ್' ನನಗೆ ಈ ಆಲ್ಬಮ್ಮಿನ ಹೃದಯ. ನಾಲ್ಕನೆಯ ಹಾಡು, ಅಂದರೆ ಮೊದಲ ಬದಿಯ ಕೊನೆಗೆ ಬರುವುದು. ವೇಗದ ಮಧ್ಯೆಯೇ ಒಂದು ರಾಗದ ಎಳೆ ಸುಳಿಯುತ್ತದೆ. ಹಿಡಿಯಬೇಕು ಅನ್ನುವಷ್ಟರಲ್ಲಿ ಇಲ್ಲ. ಮುಂದಿನ ಹತ್ತು ವರ್ಷ ಸ್ವೀಡನ್ನಿನ ಮೆಟಲ್ ಯಾವುದಕ್ಕೆ ಹೆಸರಾಯಿತೋ, ಆ ಗಾಢ ದುಃಖದ ರಾಗ, ಅದರ ಮೊಳಕೆಯನ್ನು ಇಲ್ಲಿ ಕೇಳಬಹುದು ಅಂತ ನನ್ನ ಅನಿಸಿಕೆ. ನನ್ನ ಸಹೋದ್ಯೋಗಿ ಇದನ್ನು ಒಪ್ಪುವುದಿಲ್ಲ. "ಅವರು ಬರೀ ಬೇಗ ಮುಗಿಸಿ ಮನೆಗೆ ಹೋಗುವ ಅವಸರದಲ್ಲಿದ್ದರು" ಅನ್ನುತ್ತಾರೆ.

ಬೇಗ ಮುಗಿಸುವ ಅವಸರ. ಅವರು ತಮಾಷೆಗೆ ಅಂದದ್ದು, ಆದರೆ ಆ ಮಾತು ನನ್ನಲ್ಲಿ ಉಳಿದುಕೊಂಡಿತು. ಕಡಿಮೆ ದುಡ್ಡಿನ ರೆಕಾರ್ಡಿಂಗಿನಲ್ಲಿ ಗಡಿಯಾರ ಓಡುತ್ತಿರುತ್ತದೆ. ತಪ್ಪಿದ್ದನ್ನು ಹತ್ತು ಸಲ ತಿದ್ದುವ ಹೊತ್ತಿರುವುದಿಲ್ಲ. ಈ ಆಲ್ಬಮ್ಮಿನಲ್ಲಿ ಡ್ರಮ್ಸ್ ಒಂದು ಕೂದಲಿನಷ್ಟು ಮುಂದೆ ಓಡಿ, ಗಿಟಾರ್ ಅದನ್ನು ಅಟ್ಟಿಸಿಕೊಂಡು ಹೋಗುವ ಜಾಗಗಳಿವೆ. ದೊಡ್ಡ ಸ್ಟುಡಿಯೋ ಆಗಿದ್ದರೆ ಸರಿಮಾಡಿಸುತ್ತಿದ್ದರು. ಸರಿಮಾಡಿದ್ದರೆ ನಾನು ಇವತ್ತು ಕೇಳುತ್ತಿರಲಿಲ್ಲ.

ಆಗ ಇಂಥ ಬ್ಯಾಂಡುಗಳು ಒಂದು ಊರಿನಿಂದ ಇನ್ನೊಂದಕ್ಕೆ ಹೇಗೆ ತಲುಪುತ್ತಿದ್ದವು ಅನ್ನೋದೇ ಒಂದು ಕಥೆ. ಸಹೋದ್ಯೋಗಿ ಆಗ ಶಾಲೆಯ ಹುಡುಗ, ಕ್ಯಾಸೆಟ್ ವಿನಿಮಯದ ಹುಚ್ಚು. ಡೆಮೋ ಕ್ಯಾಸೆಟ್ಟನ್ನು ಖಾಲಿ ಕ್ಯಾಸೆಟ್ಟಿಗೆ ಕಾಪಿ ಮಾಡುವುದು, ಕಾಗದ ಬರೆಯುವುದು, ಲಕೋಟೆಯಲ್ಲಿ ಬೇರೆ ಬ್ಯಾಂಡುಗಳ ಸಣ್ಣ ಸಣ್ಣ ಕರಪತ್ರ ತುರುಕುವುದು, ಬ್ರೆಜಿಲ್ಲಿಗೋ ಪೋಲೆಂಡಿಗೋ ಕಳಿಸುವುದು. ಅಂಚೆ ಖರ್ಚು ದೊಡ್ಡದು. ಅದಕ್ಕೊಂದು ಕಿತಾಪತಿ ಕಂಡುಕೊಂಡಿದ್ದರು. ಸ್ಟ್ಯಾಂಪಿನ ಮೇಲೆ ತೆಳ್ಳಗೆ ಗೋಂದು ಹಚ್ಚುವುದು. ಅಂಚೆಯವರ ಮುದ್ರೆ ಗೋಂದಿನ ಮೇಲೆ ಕೂರುತ್ತದೆ. ಅತ್ತ ಕಡೆಯವನು ನೀರಲ್ಲಿ ನೆನೆಸಿ ತೊಳೆದರೆ ಸ್ಟ್ಯಾಂಪ್ ಹೊಸದು. 'ಸ್ಟ್ಯಾಂಪ್ ವಾಪಸ್ ಕಳಿಸು' ಅಂತ ಕಾಗದದ ಕೊನೆಗೆ ಬರೆಯುವುದು ವಾಡಿಕೆ. ಇದನ್ನು ಹೇಳುವಾಗ ಮಾತ್ರ ಅವರು ನಕ್ಕರು. ನಮ್ಮ ಹಾಸ್ಟೆಲ್ ಸಿ.ಡಿ.ಗಳ ಪೂರ್ವಜರು ಇವರೇ ಅನ್ನಿಸಿತು.

ಯೂರೋನಿಮಸ್ ಕೂಡ ಆ ಕಾಗದ-ಕ್ಯಾಸೆಟ್ ಲೋಕದವನೇ. 1989ರಲ್ಲಿ ಅವನಿಗೆ ಇಪ್ಪತ್ತೊಂದು. ಹೆಲ್ವೆಟೆ ಎಂಬ ಅವನ ಹೆಸರಾಂತ ರೆಕಾರ್ಡ್ ಅಂಗಡಿ ಓಸ್ಲೋದಲ್ಲಿ ಇನ್ನೂ ಬಾಗಿಲು ತೆರೆದಿರಲಿಲ್ಲ, ಅದು 1991ರ ಮಾತು. ಚರ್ಚುಗಳಿಗೆ ಬೆಂಕಿ ಬೀಳಲು ಶುರುವಾದದ್ದು 1992ರಲ್ಲಿ. ಅಂದರೆ ಸ್ಟ್ರೆಂಗ್ನೆಸ್ ಹುಡುಗರು ಅವನ ಜೊತೆ ಕೈಜೋಡಿಸಿದಾಗ ಅವನು ಕೇವಲ ಪಕ್ಕದ ದೇಶದ ಒಬ್ಬ ಮೆಟಲ್ ಹುಚ್ಚ. ಅಲ್ಲಿಯವರೆಗೆ ಅವನು ತಂದಿದ್ದದ್ದು ತನ್ನದೇ ಬ್ಯಾಂಡಿನ ಒಂದು ಕಿರು ಆಲ್ಬಂ, 1987ರಲ್ಲಿ. ಅದೂ ಸಾವಿರ ಪ್ರತಿ. ನಾವು ಇವತ್ತು ಆ ರಕ್ತದ ಕಡೆಯಿಂದ ಹಿಂದಕ್ಕೆ ನೋಡುತ್ತೇವೆ. ಹಾಗಾಗಿ ಈ ಆಲ್ಬಮ್ಮಿನ ಮೇಲೆ ಅದರ ನೆರಳು ಬೀಳುತ್ತದೆ. ಆದರೆ ನೆರಳು ಹಿಂದಕ್ಕೆ ಬೀಳಬಾರದು, ಅಲ್ವಾ? 1990ರಲ್ಲಿ ಈ ರೆಕಾರ್ಡನ್ನು ಕೊಂಡ ಹುಡುಗನಿಗೆ ಇದರಲ್ಲಿ ಅಪರಾಧದ ವಾಸನೆ ಇರಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ವಾಸನೆ ಇತ್ತು, ಅಷ್ಟೇ.

ಇದರ ಕ್ಯಾಟಲಾಗ್ ನಂಬರಿನಲ್ಲಿ ಒಂದು ತಮಾಷೆ ಇದೆ. ಆಂಟಿ-ಮಾಶ್ 001. ಥ್ರ್ಯಾಶ್ ಕಛೇರಿಗಳಲ್ಲಿ ಜನ ಒಬ್ಬರನ್ನೊಬ್ಬರು ನೂಕುತ್ತಾ ಕುಣಿಯುವುದಕ್ಕೆ ಮಾಶ್ ಅನ್ನುತ್ತಾರೆ. ಯೂರೋನಿಮಸ್‌ಗೆ ಅದು ಕಂಡರಾಗದು. ಬಿಳಿ ಶೂ, ಚಡ್ಡಿ, ನಗುಮುಖದ ಮೆಟಲ್ ಹುಡುಗರು ಅವನ ದೃಷ್ಟಿಯಲ್ಲಿ ಕುಲಗೆಟ್ಟವರು. ಮೆಟಲ್ ಅಂದರೆ ಕೇಡು, ಸಾವು, ಗಂಭೀರ. ಹಾಗಾಗಿ ಮಾಶ್ ವಿರೋಧಿ ನಂಬರು. ಆ ನಂಬರನ್ನು ಅಂಟಿಸಿದ್ದು ಯಾವುದಕ್ಕೆ? ಮೂಳೆ ಮೂಳೆಯಲ್ಲೂ ಥ್ರ್ಯಾಶ್ ಆಗಿರುವ ರೆಕಾರ್ಡಿಗೆ. ಇದನ್ನು ಹಾಕಿ ಸುಮ್ಮನೆ ಕೂರಲಿಕ್ಕೆ ಆಗುವವನು ಮನುಷ್ಯನೇ ಅಲ್ಲ. ಶಿವಮೊಗ್ಗದ ಹತ್ತಡಿ ರೂಮಿನಲ್ಲಿ ನಾನೂ ಅಣ್ಣನೂ ಎಷ್ಟು ಸಲ ಮಂಚಕ್ಕೆ ಮೊಣಕಾಲು ಹೊಡೆಸಿಕೊಂಡಿದ್ದೇವೋ.

1990ರಲ್ಲೇ ಸ್ಟ್ರೆಂಗ್ನೆಸ್ ಇರುವ ಜಿಲ್ಲೆಯಿಂದ ಇನ್ನೊಂದು ಬ್ಯಾಂಡಿನ ಮೊದಲ ಆಲ್ಬಂ ಬಂತು. ನೈಶೋಪಿಂಗ್ ಊರಿನ ಮೆಜ್ರೋ ಬ್ಯಾಂಡಿನದು. ಅದು ಸಾನ್ ಫ್ರಾನ್ಸಿಸ್ಕೋ ಕಡೆಯ ಶೈಲಿ, ಇಸ್ತ್ರಿ ಹಾಕಿದ ಥ್ರ್ಯಾಶ್. ಚೆನ್ನಾಗಿಯೇ ಇದೆ. ನನಗೆ ಅಷ್ಟೊಂದು ರುಚಿಸುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಮಾತ್ರ ಅದೇ 1990ರಲ್ಲಿ ಭೂಕಂಪ ಆಯಿತು. ಎನ್‌ಟೂಮ್ಡ್ ಬ್ಯಾಂಡಿನ ಮೊದಲ ಆಲ್ಬಂ, ಸನ್‌ಲೈಟ್ ಸ್ಟುಡಿಯೋದಲ್ಲಿ ಟೊಮಾಸ್ ಸ್ಕೂಗ್ಸ್‌ಬರಿ ರೆಕಾರ್ಡ್ ಮಾಡಿದ್ದು. ಬಾಸ್ ಕಂಪನಿಯ ಎಚ್‌ಎಂ-2 ಎಂಬ ಪುಟ್ಟ ಪೆಡಲಿನ ಎಲ್ಲ ಗುಂಡಿಗಳನ್ನೂ ಕೊನೆಯವರೆಗೆ ತಿರುಗಿಸಿದರೆ ಗಿಟಾರ್ ಮರ ಕೊಯ್ಯುವ ಗರಗಸದ ಹಾಗೆ ಗುರ್ರೆನ್ನುತ್ತದೆ. ಆ ಸದ್ದು ಬಂದದ್ದೇ ತಡ, ಎಲ್ಲರಿಗೂ ಅದೇ ಬೇಕಾಯಿತು. ಮುಂದಿನ ಎರಡು ಮೂರು ವರ್ಷ ಸ್ವೀಡನ್ ಅಂದರೆ ಡೆತ್ ಮೆಟಲ್.

ಮರ್ಸಿಲೆಸ್ ಹೀಗೆ ಮಧ್ಯದಲ್ಲಿ ಸಿಕ್ಕಿಕೊಂಡಿತು. ಡೆತ್ ಮೆಟಲಿನವರಿಗೆ ಇದು ಹಳೆಯ ಥ್ರ್ಯಾಶ್. ಥ್ರ್ಯಾಶಿನವರಿಗೆ ಇದು ತೀರಾ ಕಾಡು. ಮೇಹೆಮ್ ಥರದ ಬ್ಲ್ಯಾಕ್ ಮೆಟಲಿನವರಿಗೆ ಇದು ಯೂರೋನಿಮಸ್ ಕಪಾಟಿನ ಮೊದಲ ಪುಸ್ತಕ, ಓದಲೇಬೇಕು ಅಂತಿಲ್ಲ. ಅವರು ಬ್ಯಾಂಡ್ ಮುಂದುವರಿಸಿದರು. 1992ರಲ್ಲಿ ಎರಡನೆಯ ಆಲ್ಬಂ, 1994ರಲ್ಲಿ ಮೂರನೆಯದು. ಆಮೇಲೆ ಮೌನ. 2003ರಲ್ಲಿ ಬರೀ ಬ್ಯಾಂಡಿನ ಹೆಸರನ್ನೇ ಇಟ್ಟುಕೊಂಡು ಇನ್ನೊಂದು. ಎಲ್ಲವನ್ನೂ ಕೇಳಿದ್ದೇನೆ. ಮೂರನೆಯದನ್ನು ಅತ್ಯುತ್ತಮ ಅನ್ನುವವರಿದ್ದಾರೆ. ರೆಕಾರ್ಡಿಂಗ್ ಚೆನ್ನಾಗಿದೆ, ರಾಗ ಜಾಸ್ತಿ, ಕೈ ಪಳಗಿದೆ. ಸರಿ. ಆದರೂ ನನ್ನ ಕೈ ಹೋಗುವುದು ಮೊದಲನೆಯದಕ್ಕೇ. ಮೊದಲ ಆಲ್ಬಂ ಮಾಡುವಾಗ ಯಾರೂ ಕಾಯುತ್ತಿರುವುದಿಲ್ಲ. ಯಾರ ನಿರೀಕ್ಷೆಯನ್ನೂ ತೀರಿಸಬೇಕಿಲ್ಲ, ಮುರಿಯಬೇಕೂ ಇಲ್ಲ.

ಸ್ವೀಡನ್ನಿನಲ್ಲಿ ಮೂರು ವರ್ಷ ಇದ್ದ ಮೇಲೆ ಒಂದು ಒಗಟು ಬಗೆಹರಿಯಿತು. ಇಷ್ಟು ಸಣ್ಣ ದೇಶದ ಇಷ್ಟು ಸಣ್ಣ ಊರುಗಳಲ್ಲಿ ಇಷ್ಟೊಂದು ಬ್ಯಾಂಡು ಹೇಗೆ? ಚಳಿಗಾಲದಲ್ಲಿ ಮಾಡಲು ಬೇರೆ ಕೆಲಸ ಇಲ್ಲ ಅನ್ನೋದು ಸಿದ್ಧ ಉತ್ತರ. ಚಳಿ ಬೇರೆ ದೇಶಗಳಲ್ಲೂ ಇದೆಯಲ್ಲ. ಅಲ್ಲಿ ಬಹುತೇಕ ಎಲ್ಲ ಊರುಗಳಲ್ಲೂ ಪುರಸಭೆಯ ಸಂಗೀತ ಶಾಲೆ ಇದೆ. ಮಕ್ಕಳಿಗೆ ಕಡಿಮೆ ಶುಲ್ಕದಲ್ಲಿ ಪಾಠ, ಬಾಡಿಗೆಗೆ ವಾದ್ಯ. ಇದರ ಮೇಲೆ ಸ್ಟಡಿ ಸರ್ಕಲ್ ಎಂಬ ಹಳೆಯ ಪದ್ಧತಿ. ಮೂಲದಲ್ಲಿ ಕಾರ್ಮಿಕರು, ಮದ್ಯಪಾನ ವಿರೋಧಿ ಚಳವಳಿಯವರು ಸಂಜೆ ಕೂತು ಓದಲು ಮಾಡಿಕೊಂಡ ಏರ್ಪಾಡು. ನಾಲ್ಕು ಜನ ಸೇರಿ ಒಂದು ಗುಂಪು ಅಂತ ನೋಂದಾಯಿಸಿ, ಕೂಡಿದ ಗಂಟೆಗಳನ್ನು ಪಟ್ಟಿಯಲ್ಲಿ ಬರೆದರೆ ಸರ್ಕಾರದ ಅನುದಾನದಲ್ಲಿ ಜಾಗ ಸಿಗುತ್ತದೆ. ಗುಂಪು ಹೂವಿನ ಜೋಡಣೆಯಾದರೂ ಕಲಿಯಲಿ, ಸೈತಾನನ ಸ್ತೋತ್ರವಾದರೂ ಕಲಿಯಲಿ. ಎಂಬತ್ತರ ದಶಕದಲ್ಲಿ ಸ್ವೀಡನ್ನಿನ ನೆಲಮಾಳಿಗೆಗಳಲ್ಲಿ ಎಷ್ಟೋ ಹುಡುಗರ ಬ್ಯಾಂಡುಗಳು ಹೀಗೇ ಬೆಳೆದವು. ಕೇಡಿನ ಹಾಡುಗಳಿಗೆ ಹಾಜರಿ ಪುಸ್ತಕ! ಸಹೋದ್ಯೋಗಿಯ ಬ್ಯಾಂಡ್ ಕೂಡ ಹಾಗೆ ನೋಂದಣಿಯಾಗಿತ್ತಂತೆ. ಒಂದೇ ಒಂದು ಕಛೇರಿ ಮಾಡಿ ನಿಂತುಹೋಯಿತು. ಗಂಟೆಗಳ ಪಟ್ಟಿ ಮಾತ್ರ ಸರಿಯಾಗಿ ತುಂಬಿದ್ದರಂತೆ.

ನನಗೆ ಬೆಂಗಳೂರು ನೆನಪಾಯಿತು. ನಾವು 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡ್ ನೋಡಿದವರು. ಧೂಳು ತಿಂದು, ಗಂಟಲು ಕಳೆದುಕೊಂಡು, ಬೆಳಗಿನ ಜಾವ ಬಸ್ಸು ಹಿಡಿದವರು. ದೊಡ್ಡವರು ಬಂದಾಗ ಮೈದಾನ ತುಂಬುತ್ತದೆ, ಬೆಂಗಳೂರಿಗೆ ಆ ಹುಚ್ಚು ಇದೆ. ಆದರೆ ನಮ್ಮೂರಿನ ಹುಡುಗರು ಅಭ್ಯಾಸ ಮಾಡುವುದು ಎಲ್ಲಿ? ಕ್ರಿಪ್ಟೋಸ್ ಎಂಬ ಬ್ಯಾಂಡ್ 1998ರಿಂದ ಬೆಂಗಳೂರಿನಲ್ಲಿ ನುಡಿಸುತ್ತಾ, 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಹಬ್ಬದ ವೇದಿಕೆ ಹತ್ತಿತು. ಅವರ ಹಿಂದೆ ಇದ್ದದ್ದು ಹಾಜರಿ ಪುಸ್ತಕ ಅಲ್ಲ, ಹಠ. ಅಣ್ಣನ ಕಾಲೇಜು ಬ್ಯಾಂಡನ್ನು ಬಾಡಿಗೆ ಮನೆಯವರು ಎರಡು ಸಲ ಹೊರಹಾಕಿದ್ದರು. ಎರಡನೇ ಸಲ ಡ್ರಮ್ ಸೆಟ್ ಮಳೆಯಲ್ಲಿ ನೆನೆಯಿತು. ಮೂರನೇ ಮನೆ ಹುಡುಕಲು ಯಾರಿಗೂ ಮನಸ್ಸಾಗಲಿಲ್ಲ.

ನಾನು ಅಲ್ಲಿದ್ದಾಗಲೇ ಸ್ಟ್ರೆಂಗ್ನೆಸ್ ಒಮ್ಮೆ ಲೋಕದ ಪತ್ರಿಕೆಗಳಲ್ಲೆಲ್ಲ ಬಂತು. 2018ರ ಜುಲೈ 31. ಹಾಡಹಗಲು ಕಳ್ಳರು ಕತೀಡ್ರಲಿಗೆ ನುಗ್ಗಿ, ಒಂಬತ್ತನೇ ಕಾರ್ಲ್ ರಾಜ ಮತ್ತು ರಾಣಿಯ ಸಮಾಧಿಯ ಕಿರೀಟಗಳನ್ನು ಕದ್ದು, ಸರೋವರದಲ್ಲಿ ಮೋಟಾರು ದೋಣಿ ಹತ್ತಿ ಪರಾರಿಯಾದರು. ಮರುವರ್ಷ ಫೆಬ್ರವರಿಯಲ್ಲಿ ಅವು ಸ್ಟಾಕ್‌ಹೋಮಿನ ಉತ್ತರಕ್ಕೆ ಒಂದು ಕಸದ ತೊಟ್ಟಿಯ ಮೇಲೆ ಸಿಕ್ಕವು. ಆಫೀಸಿನ ಕಾಫಿ ಕೋಣೆಯಲ್ಲಿ ಎಲ್ಲರಿಗೂ ಅದೇ ಮಾತು. ನನ್ನ ಸಹೋದ್ಯೋಗಿ ಕಾಫಿ ಕಲಕುತ್ತಾ ನನಗೆ ಮಾತ್ರ ಕೇಳುವಂತೆ, "ನಮ್ಮೂರಿನವರು ಯಾವಾಗಲೂ ಫಾಸ್ಟ್" ಅಂದರು.

ವಾಪಸ್ ಬರುವ ಮುಂಚೆ, 2019ರಲ್ಲಿ, ಕೊನೆಯ ಸಲ ಆ ಊರಿಗೆ ಹೋದೆ. ಫೋನಿನಲ್ಲಿ ಆಲ್ಬಂ ಇತ್ತು, ಈ ಸಲ ನಂಬರು ಹಾಕಿ ಸರಿಯಾಗಿ ಜೋಡಿಸಿದ್ದು. ಗುಡ್ಡ ಹತ್ತಿ ಗಾಳಿಗಿರಣಿಯ ಹತ್ತಿರ ಸ್ವಲ್ಪ ಹೊತ್ತು ಕೂತೆ. ಸರೋವರದ ಮೇಲೆ ಒಂದು ಬಿಳಿ ಹಾಯಿದೋಣಿ. ಯಾರದೋ ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಸದ್ದು. ಈ ನಿಶ್ಶಬ್ದದಲ್ಲಿ ಹದಿನೇಳು ವರ್ಷದವನಾಗಿ ಇರುವುದು ಹೇಗಿದ್ದಿರಬಹುದು ಅಂತ ಯೋಚಿಸಿದೆ. ನನಗೂ ಡ್ರಮ್ಸ್ ಬೇಕಾಗುತ್ತಿತ್ತು.

ಸಂಜೆ ರೈಲು ಹೊರಟಾಗ 'ಪ್ಯೂರ್ ಹೇಟ್' ಹಚ್ಚಿದೆ. ಕಿಟಕಿಯಾಚೆ ಹಳದಿ ಸಾಸಿವೆ ಹೊಲಗಳಂಥ ಹೊಲಗಳು, ನಡುವೆ ಕಲ್ಲುಗುಡ್ಡೆ, ಪೈನ್ ಮರಗಳು. ಎಸ್ಕಿಲನ ಹೆಣ ಹೋದ ದಾರಿ, ರೊಗ್ಗಾನ ಗುಂಪು ಹೋದ ದಾರಿ. ನನ್ನ ಕಿವಿ ಇನ್ನೂ ಹಳೆಯ ಲೆಕ್ಕದಲ್ಲೇ ಇತ್ತು. 'ದಿ ಅವೇಕನಿಂಗ್' ಮುಗಿದ ಕೂಡಲೇ ಎಲ್ಲ ಮುಗಿಯಿತು ಅಂತ ಕೈ ಇಯರ್‌ಫೋನಿಗೆ ಹೋಯಿತು. ಅಷ್ಟರಲ್ಲಿ 'ಡ್ರೆಡ್‌ಫುಲ್ ಫೇಟ್' ಶುರುವಾಯಿತು. ಆ ಜಾಗದಲ್ಲಿ ಅದು ಬರುತ್ತದೆ ಅಂತ ಗೊತ್ತಿದ್ದೂ ಬೆಚ್ಚಿಬಿದ್ದೆ.

ಎಸ್ಕಿಲ್‌ಸ್ಟೂನಾ ಬಂದಾಗ ಇನ್ನೂ ಎರಡು ಹಾಡು ಬಾಕಿ ಇತ್ತು. ಮನೆಗೆ ಹೋಗುವ ಬಸ್ಸು ನಿಂತಿತ್ತು. ಬಿಟ್ಟೆ. ನದಿ ಪಕ್ಕದ ದಾರಿ ಹಿಡಿದು, ಕಮ್ಮಾರಸಾಲೆಗಳ ಮುಂದೆ ಹಾದು, ನಡೆದೇ ಹೋದೆ.